ಸಹಾಯ ಬೇಕು: ಆಟಿಸಂ ಇರುವ ತಮ್ಮನಿಗೆ ಒಳ್ಳೆಯ ವಸತಿ ಕೇಂದ್ರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 27 ವರ್ಷ. ಆಟಿಸಂ ಇದೆ, ಬುದ್ಧಿ ಬೆಳವಣಿಗೆಯೂ ನಿಧಾನ. ಮಾತು ತೀರಾ ಕಡಿಮೆ. ಅಮ್ಮನಿಗೆ 68 ಆಯಿತು, ಅವನನ್ನು ಸ್ನಾನಕ್ಕೆ ಕರೆದೊಯ್ಯುವಷ್ಟು ಶಕ್ತಿ ಈಗ ಇಲ್ಲ.

ಹೋದ ವರ್ಷ ಬೆಂಗಳೂರಿನ ಹೊರಗೆ ಒಂದು ಕೇಂದ್ರಕ್ಕೆ ಸೇರಿಸಿದ್ದೆವು. ಕಟ್ಟಡ ಚೆನ್ನಾಗಿತ್ತು. ಆದರೆ ದಿನವಿಡೀ ಟೀವಿ ಮುಂದೆ ಕೂರಿಸುತ್ತಿದ್ದರು. ರಾತ್ರಿ ಇಪ್ಪತ್ತು ಜನರಿಗೆ ಒಬ್ಬರೇ ಆಯಾ. ಮೂರು ತಿಂಗಳಲ್ಲಿ ಅವನು ಸೊರಗಿಹೋದ. ಗೇಟಿನಲ್ಲಿ ನನ್ನ ದುಪಟ್ಟಾ ಹಿಡಿದು ಬಿಡಲೇ ಇಲ್ಲ. ಅವತ್ತೇ ಮನೆಗೆ ಕರೆತಂದೆವು.

ಇಂಥ ಸಂಸ್ಥೆಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಕೇಳಬೇಕಿತ್ತು, ಅಲ್ವಾ? ಆದರೆ ಬರೀ ನೋಂದಣಿ ಪತ್ರ ನೋಡಿ ಈ ಸಲ ನಂಬುವ ಧೈರ್ಯವಿಲ್ಲ.

ನಿಮ್ಮವರು ಇರುವ ಕೇಂದ್ರದಲ್ಲಿ ಹೇಳದೇ ಹೋದರೂ ಒಳಗೆ ಬಿಡುತ್ತಾರಾ? ಸಿಟ್ಟು ಬಂದಾಗ ಏನು ಮಾಡುತ್ತಾರೆ, ಮಾತ್ರೆ ಕೊಟ್ಟು ಮಲಗಿಸುತ್ತಾರಾ? ಮೈಸೂರು, ತುಮಕೂರು ಕಡೆ ಇದ್ದರೂ ಪರವಾಗಿಲ್ಲ. ನ್ಯಾಷನಲ್ ಟ್ರಸ್ಟ್ (ಆಟಿಸಂನಂಥ ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆ) ನಡೆಸುವ ವಸತಿ ಯೋಜನೆ ಸಮರ್ಥ್-ಕಮ್-ಘರೌಂದಾದ ಮನೆಯಲ್ಲಿ ನಿಮ್ಮವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಜಿಲ್ಲಾಧಿಕಾರಿಗಳ ಸಮಿತಿಯಿಂದ ಕಾನೂನು ಪಾಲಕತ್ವ (ಅವನ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ) ಪಡೆದವರು ಯಾವ ದಾಖಲೆ ಕೊಟ್ಟಿರಿ ಅಂತಲೂ ಹೇಳಿ. ಸುಮ್ನೆ ಹೆಸರು ಬೇಡ, ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ.