ರಷ್ಯನ್ ಕಥೆಗಳಲ್ಲಿ ನಗರ: ಸೆಮಿನಾರ್‌ಗೆ ಎಲ್ಲಿಂದ ಶುರು ಮಾಡಲಿ?

ಸಿದ್ದಾಪುರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂ.ಎ. ಓದುತ್ತಿದ್ದೇನೆ. ಸೆಮಿನಾರ್‌ಗೆ ಹಳೇ ರಷ್ಯನ್ ಕಥೆಗಳಲ್ಲಿ ನಗರ ಅನ್ನೋ ವಿಷಯ ಸಿಕ್ಕಿದೆ. ಗೊಗೊಲ್‌ನ ‘ನೆವ್‌ಸ್ಕಿ ಪ್ರಾಸ್ಪೆಕ್ಟ್’, ‘ಮೂಗು’, ‘ಓವರ್‌ಕೋಟ್’, ದಾಸ್ತೊಯೆವ್‌ಸ್ಕಿಯ ‘ಬಿಳಿ ರಾತ್ರಿಗಳು’, ಚೆಕಾಫ್‌ನ ಒಂದಿಷ್ಟು ಕಥೆ ಓದಿ ಮುಗಿಸಿದೆ. ಗೈಡುಗಳಲ್ಲಿ ಇರೋದೆಲ್ಲ ಒಂದೇ ಮಾತು, ನಗರದಲ್ಲಿ ಮನುಷ್ಯ ಒಂಟಿ ಅಂತ. ಅದನ್ನೇ ಪುಟಗಟ್ಟಲೆ ಎಳೆಯೋಕೆ ಮನಸ್ಸಿಲ್ಲ. ನಾನು ನೋಡಿರುವ ದೊಡ್ಡ ಊರು ಅಂದ್ರೆ ಮೈಸೂರು. ಗೊಗೊಲ್ ಕಥೆಗಳು ನಡೆಯುವ ಪೀಟರ್ಸ್‌ಬರ್ಗ್‌ನ ನಕ್ಷೆ ಬಿಚ್ಚಿದರೆ ಕಾಲುವೆ, ಸೇತುವೆ ಬಿಟ್ಟು ಏನೂ ತಲೆಗೆ ಹೋಗುತ್ತಿಲ್ಲ. ಏನನ್ನು ಹಿಡಿದುಕೊಂಡು ಓದಲಿ?

ಚೌಕಿ ಪಕ್ಕದವನು:
ನಕ್ಷೆ ಆಮೇಲೆ ನೋಡಿ, ಮೊದಲು ಗಡಿಯಾರ ಹಿಡಿಯಿರಿ. ‘ನೆವ್‌ಸ್ಕಿ ಪ್ರಾಸ್ಪೆಕ್ಟ್’ (1835) ಶುರುವಾಗೋದೇ ಒಂದು ರಸ್ತೆಯ ದಿನಚರಿಯಿಂದ. ಬೆಳಗ್ಗೆ ಬಿಸಿ ಬ್ರೆಡ್ಡಿನ ವಾಸನೆ, ಹರಕು ಬಟ್ಟೆಯ ಮುದುಕಿಯರು, ಕೆಲಸಕ್ಕೆ ಹೊರಟ ಕೂಲಿಯವರು. ಹನ್ನೆರಡಕ್ಕೆ ಮಕ್ಕಳನ್ನು ಕರೆದುಕೊಂಡು ಬರುವ ಮನೆಪಾಠದ ಮೇಷ್ಟ್ರುಗಳು. ಎರಡರಿಂದ ಮೂರು ಗಂಟೆ ದೊಡ್ಡವರ ಶೋಕಿಯ ಹೊತ್ತು, ಮೀಸೆ, ಟೋಪಿ, ಕೋಟುಗಳದ್ದೇ ಮೆರವಣಿಗೆ. ಮೂರಕ್ಕೆ ಹಸಿರು ಸಮವಸ್ತ್ರದ ಗುಮಾಸ್ತರು, ನಾಲ್ಕರ ನಂತರ ರಸ್ತೆ ಖಾಲಿ. ದೀಪ ಹಚ್ಚಿದ ಮೇಲೆ ಅದೇ ರಸ್ತೆ ಬೇರೆಯೇ ಆಗುತ್ತದೆ, ಕಥೆ ನಡೆಯುವುದೂ ಆಗಲೇ. ಕೊನೆಯಲ್ಲಿ ಗೊಗೊಲ್ ನೇರವಾಗಿ ಹೇಳ್ತಾನೆ, ಈ ರಸ್ತೆಯನ್ನು ನಂಬಬೇಡಿ, ದೀಪ ಹಚ್ಚುವವನು ಸೈತಾನನೇ ಅಂತ. ಒಂದು ಶುಕ್ರವಾರ ಮಡಿಕೇರಿಗೆ ಬಂದು ಸಂತೆ ದಿನ ಚೌಕಿ ಹತ್ತಿರ ಬೆಳಗ್ಗೆಯಿಂದ ಸಂಜೆವರೆಗೆ ನಿಂತು ನೋಡಿ, ಯಾವ ಹೊತ್ತಿಗೆ ರಸ್ತೆ ಯಾರದ್ದು ಅಂತ. ಆಮೇಲೆ ಆ ಮೊದಲ ಪುಟಗಳನ್ನು ಮತ್ತೆ ಓದಿ.

ನಿವೃತ್ತ ಗುಮಾಸ್ತ, ವಿರಾಜಪೇಟೆ:
ಸಂತೆ ನೋಡಿದರೆ ಗೊಗೊಲ್ ಅರ್ಥ ಆಗಲ್ಲಪ್ಪ. ಸಂಬಳದ ಪಟ್ಟಿ ನೋಡಬೇಕು! ನಾನು ಎಸ್‌ಡಿಎ ಆಗಿ ಸೇರಿ ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಹಾಗಾಗಿ ‘ಓವರ್‌ಕೋಟ್’ (1842) ಬಗ್ಗೆ ಎರಡು ಮಾತು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ನೋಡಮ್ಮ, 1722ರಲ್ಲಿ ಪೀಟರ್ ದೊರೆ ಸರ್ಕಾರಿ ನೌಕರರಿಗೆ 14 ದರ್ಜೆ ಮಾಡಿಟ್ಟ. ‘ಓವರ್‌ಕೋಟ್’ನ ಗುಮಾಸ್ತ ಅಕಾಕಿ 9ನೇ ದರ್ಜೆ. ‘ಮೂಗು’ ಕಥೆಯ ಕೊವಾಲ್ಯೋವ್ 8ನೇ ದರ್ಜೆ. ಒಂದೇ ಮೆಟ್ಟಿಲು, ಆದರೆ ಆ ಕಾಲದಲ್ಲಿ 8ಕ್ಕೆ ಏರಿದರೆ ವಂಶಪಾರಂಪರ್ಯವಾಗಿ ಕುಲೀನ ಪಟ್ಟ. ಅವನ ಠೇಂಕಾರ ಸುಮ್ನೆ ಬಂದದ್ದಲ್ಲ. ಮುಖದಿಂದ ಮಾಯವಾದ ಅವನ ಮೂಗು 5ನೇ ದರ್ಜೆಯ ಸಮವಸ್ತ್ರ ಹಾಕಿಕೊಂಡು ಗಾಡಿಯಲ್ಲಿ ಓಡಾಡುತ್ತೆ, ತನ್ನದೇ ಮೂಗನ್ನು ಮಾತಾಡಿಸೋಕೆ ಇವನು ಹೆದರ್ತಾನೆ!

ಇನ್ನು ಅಕಾಕಿ. ವರ್ಷಕ್ಕೆ ಸಂಬಳ 400 ರೂಬಲ್, ಹೊಸ ಓವರ್‌ಕೋಟ್‌ಗೆ 80. ಅದಕ್ಕಾಗಿ ಸಂಜೆ ಟೀ ಬಿಟ್ಟ, ಮೇಣದಬತ್ತಿ ಬಿಟ್ಟ, ಅಟ್ಟೆ ಸವೆಯಬಾರದು ಅಂತ ಕಲ್ಲಿನ ಮೇಲೆ ತುದಿಗಾಲಲ್ಲಿ ನಡೆದ. ಚಳಿಯೂ ಈ 400 ರೂಬಲ್‌ನವರಿಗೇ ಶತ್ರು ಅಂತ ಗೊಗೊಲ್ ಬರೀತಾನೆ. ಬೆಳಗ್ಗೆ ಎಂಟು ಗಂಟೆ ಮೇಲೆ ಇಲಾಖೆಗೆ ಹೋಗುವವರು ಬೀದಿಗೆ ಇಳಿದಾಗಲೇ ಅದು ಮೂಗು ಕಚ್ಚುತ್ತದಂತೆ. ನಗರ ಇರೋದು ಇಲ್ಲಿ.

ಕಾಫಿತೋಟದಕ್ಕ:
ಸರ್ ಹೇಳಿದ್ದು ಸರಿ. ಅದಕ್ಕೆ ಬೆಳಕನ್ನೂ ಸೇರಿಸಿಕೊಳ್ಳಿ. ಹೊಸ ಕೋಟು ಹಾಕಿಕೊಂಡು ಅಕಾಕಿ ಔತಣಕ್ಕೆ ಹೋಗುವಾಗ ಮೊದಲು ಮಂಕು ಬೀದಿ, ಸಾಹೇಬರ ಮನೆ ಹತ್ತಿರವಾದಂತೆ ದೀಪ ಜಾಸ್ತಿ, ಜನ ಜಾಸ್ತಿ. ವಾಪಸ್ ಬರುವಾಗ ಒಂದೊಂದೇ ದೀಪ ಕಮ್ಮಿಯಾಗಿ ಕತ್ತಲ ಮೈದಾನ. ಕೋಟು ಕಿತ್ತುಕೊಳ್ಳೋದು ಅಲ್ಲೇ.

ಆದರೆ ಚೆಕಾಫ್‌ನನ್ನು ಯಾಕೆ ಎಲ್ಲರೂ ಬಿಟ್ಟಿರಿ? ‘ವಾಂಕ’ (1886) ತಗೊಳ್ಳಿ. ಒಂಬತ್ತು ವರ್ಷದ ಹುಡುಗ, ಮಾಸ್ಕೋದಲ್ಲಿ ಚಮ್ಮಾರನ ಹತ್ತಿರ ಕೆಲಸಕ್ಕಿದ್ದಾನೆ. ಅಜ್ಜನಿಗೆ ಬರೆಯುವ ಪತ್ರದಲ್ಲಿ ಊರು ದೊಡ್ಡದು, ಕುದುರೆ ಬೇಕಾದಷ್ಟು, ಕುರಿ ಇಲ್ಲ, ನಾಯಿಗಳು ಕಚ್ಚಲ್ಲ ಅಂತಾನೆ. ಹಳ್ಳಿ ಕಣ್ಣಿಗೆ ನಗರ ಕಾಣೋದು ಹಾಗೆ, ಏನಿಲ್ಲ ಅನ್ನೋದೇ ಮೊದಲು ಕಾಣುತ್ತೆ. ಅದೇ ವರ್ಷದ ‘ದುಃಖ’ದಲ್ಲಿ ಜಟಕಾದ ಇಯೋನನ ಮಗ ಸತ್ತಿದ್ದಾನೆ, ಯಾರೂ ಕೇಳಲ್ಲ, ಕೊನೆಗೆ ಕುದುರೆಗೆ ಹೇಳ್ತಾನೆ. ಊರಿನ ವರ್ಣನೆಯೇ ಇಲ್ಲ, ಬರೀ ಹಿಮ ಮತ್ತು ಬೀದಿದೀಪ. ಹತ್ತಿದವರು ವೈಬೋರ್ಗ್ ಕಡೆ, ಪೊಲೀಸ್ ಸೇತುವೆಗೆ ಅಂತ ಹೇಳಿದಾಗ ಗೊತ್ತಾಗುತ್ತೆ ಇದು ಪೀಟರ್ಸ್‌ಬರ್ಗ್ ಅಂತ. ಗಾಡಿಯವನಿಗೆ ನಗರ ಅಂದ್ರೆ ಅಷ್ಟೇ, ಹತ್ತಿದವರು ಹೇಳುವ ಜಾಗ.

ಸಿದ್ದಾಪುರದ ಹುಡುಗಿ:
ಥ್ಯಾಂಕ್ಸ್ ಎಲ್ಲರಿಗೂ! ಯಾರ ಜೇಬಿನಿಂದ ನಗರ ಕಾಣುತ್ತೆ ಅಂತ ಹಿಡಿದು ‘ಓವರ್‌ಕೋಟ್’, ‘ದುಃಖ’ ಎರಡನ್ನೇ ಎದುರುಬದುರು ಇಡ್ತೇನೆ. ‘ಬಿಳಿ ರಾತ್ರಿಗಳು’ ಬಿಡಬಹುದಾ? ಮತ್ತೆ ಜಾಗದ ಹೆಸರುಗಳು ನಿಜಕ್ಕೂ ಬೇಕಾ, ಇಲ್ಲಾಂದ್ರೆ ಬರೀ ಅಲಂಕಾರವಾ?

ನಿವೃತ್ತ ಗುಮಾಸ್ತ, ವಿರಾಜಪೇಟೆ:
ಬಿಡು. ಅದರಲ್ಲಿ ಕಟ್ಟಡಗಳೇ ಕಥಾನಾಯಕನ ಜೊತೆ ಮಾತಾಡುತ್ತವೆ, ಚೆನ್ನಾಗಿದೆ, ಆದರೆ ಅವನಿಗೆ ಸಂಬಳದ ಚಿಂತೆ ಇಲ್ಲ. ನಿನ್ನ ವಾದಕ್ಕೆ ಕೂರಲ್ಲ.

ಚೌಕಿ ಪಕ್ಕದವನು:
ಹೆಸರು ಬೇಕೇ ಬೇಕು. ‘ಮೂಗು’ ಬರೆದಾಗ ಕೊವಾಲ್ಯೋವ್ ತನ್ನ ಮೂಗನ್ನು ಎದುರಾಗೋದು ಕಜಾನ್ ಚರ್ಚಿನಲ್ಲಿ. ಸೆನ್ಸಾರ್‌ನವರಿಂದಾಗಿ 1836ರಲ್ಲಿ ಅಚ್ಚಾದಾಗ ಅದು ಗೊಸ್ತಿನಿ ದ್ವೋರ್ ಅಂಗಡಿ ಸಾಲಿಗೆ ಹೋಯ್ತು. ಮೂಗು ಭಕ್ತಿಯಿಂದ ಪ್ರಾರ್ಥನೆ ಮಾಡೋದನ್ನು ಅಂಗಡಿ ಮುಂದೆ ಓದಿ ನೋಡಿ, ಅರ್ಧ ನಗು ಹೋಗಿರುತ್ತೆ.