ಸಹಾಯ ಬೇಕು: ಗಾರ್ಮೆಂಟ್ಸ್ ಕಾರ್ಮಿಕರ ದೂರಿನಲ್ಲಿ ಜವಾಬ್ದಾರಿಯುತ ವ್ಯಾಪಾರದ 2019ರ ಮಾರ್ಗಸೂಚಿಯನ್ನು ಬಳಸುವುದು ಹೇಗೆ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ನನ್ನ ಅಕ್ಕ ಟೈಲರ್ ಆಗಿದ್ದಾರೆ. ಅಲ್ಲಿ ಓವರ್‌ಟೈಮ್ ಮಾಡಿಸಿಯೂ ಕಾನೂನಿನ ಪ್ರಕಾರ ಸಲ್ಲಬೇಕಾದ ದುಪ್ಪಟ್ಟು ಕೂಲಿಯನ್ನು ಕೊಡುತ್ತಿಲ್ಲ. ಕಾರ್ಮಿಕ ಇಲಾಖೆಗೆ ದೂರು ಸಿದ್ಧವಾಗಿದೆ. ನನ್ನ ಪ್ರಶ್ನೆ ಅದರಾಚೆಯದು: ಕಾರ್ಖಾನೆಯಿಂದ ಉಡುಪು ಕೊಳ್ಳುವ ಕಂಪನಿಗೂ ದೂರು ಕೊಡುವುದು ಹೇಗೆ?

ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರಲ್ಲಿ ಅನುಮೋದಿಸಿತು. ಅವಕ್ಕೆ ಹೊಂದುವಂತೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2019ರಲ್ಲಿ ಹೊರಡಿಸಿದ ಜವಾಬ್ದಾರಿಯುತ ವ್ಯಾಪಾರದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿರುವ ಒಂಬತ್ತು ತತ್ತ್ವಗಳ ಪೈಕಿ ಮೂರನೆಯದು ಪೂರೈಕೆ ಸರಪಳಿಯವರೂ ಸೇರಿದಂತೆ ನೌಕರರೆಲ್ಲರ ಯೋಗಕ್ಷೇಮವನ್ನೂ, ಐದನೆಯದು ಮಾನವ ಹಕ್ಕುಗಳ ಗೌರವವನ್ನೂ ಹೇಳುತ್ತದೆ. ಆದರೆ ಈ ಮಾರ್ಗಸೂಚಿ ಕಡ್ಡಾಯವಲ್ಲ. ಇದೇ ತತ್ತ್ವಗಳ ಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಕಡ್ಡಾಯಗೊಳಿಸಿರುವ ವಾರ್ಷಿಕ ವರದಿಯೂ ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 1,000 ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ. ನಮ್ಮ ಕಾರ್ಖಾನೆ ಆ ಪಟ್ಟಿಯಲ್ಲಿಲ್ಲ, ಆದರೆ ಕಾರ್ಖಾನೆಯಿಂದ ಉಡುಪು ಕೊಳ್ಳುವ ಕಂಪನಿ ಆ ಪಟ್ಟಿಯಲ್ಲಿದೆ. ಹೊಲಿಯುವ ಹೆಣ್ಣುಮಕ್ಕಳ ಕೂಲಿಯ ಹೊಣೆ ಆ ಕಂಪನಿಗೂ ಇದೆಯೆಂಬುದು ನನ್ನ ದೃಢ ಅಭಿಪ್ರಾಯ.

ಕೊಳ್ಳುವ ಕಂಪನಿಗೆ ಅದರದೇ ವರದಿಯನ್ನು ಆಧಾರವಾಗಿಟ್ಟುಕೊಂಡು ದೂರು ಬರೆದ ಅನುಭವ ಯಾರಿಗಾದರೂ ಇದೆಯೇ? ದೂರು ಕೊಟ್ಟವರ ಹೆಸರು ಕಾರ್ಖಾನೆಗೆ ತಿಳಿಯದಂತೆ ನೋಡಿಕೊಳ್ಳುವುದು ಹೇಗೆ? ಅಕ್ಕನ ಜೊತೆಗಿರುವವರಿಗೆ ಇಂಗ್ಲಿಷ್ ಓದಲು ಬಾರದು. ಮಾರ್ಗಸೂಚಿಯ ಕನ್ನಡ ಅನುವಾದವೋ ಸರಳ ಸಾರಾಂಶವೋ ಇದ್ದರೆ ದಯವಿಟ್ಟು ಕಳುಹಿಸಿಕೊಡಿ.