ನ್ಯೂರಾನ್ ರೆಕಾರ್ಡಿಂಗ್ ಡೇಟಾ ಫ್ರೀಯಾಗಿ ಎಲ್ಲಿ ಸಿಗುತ್ತೆ?

ಸ್ಪೈಕ್_ಹುಡುಗಿ:
ನಮಸ್ಕಾರ, ನಾನು ಫಿಸಿಕ್ಸ್ ಓದಿದೋಳು, ಪೈಥಾನ್ ಬರುತ್ತೆ, ಈಗ ಕಂಪ್ಯೂಟೇಶನಲ್ ನ್ಯೂರೋಸೈನ್ಸ್ ಕಲೀತಿದೀನಿ. 1952ರ ಹಾಜ್‌ಕಿನ್-ಹಕ್ಸ್‌ಲಿ ಮಾಡೆಲ್ (ನ್ಯೂರಾನಿನ ವಿದ್ಯುತ್ ಸಿಗ್ನಲ್ ವಿವರಿಸೋ ಸಮೀಕರಣಗಳು) ಬರೆದು ಓಡಿಸಿದ್ದಾಯ್ತು, ಆದ್ರೆ ನಿಜವಾದ ಮೆದುಳಿಂದ ಬಂದ ಸ್ಪೈಕ್ (ನ್ಯೂರಾನ್ ಫೈರ್ ಆದಾಗಿನ ವಿದ್ಯುತ್ ಮಿಡಿತ) ಡೇಟಾ ಇನ್ನೂ ಮುಟ್ಟೇ ಇಲ್ಲ, ನನ್ನ ಹತ್ರ ಲ್ಯಾಬೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಹಳೇ_ನ್ಯೂರಾನ್:
ಮೊದ್ಲು ಸಿಆರ್‌ಸಿಎನ್‌ಎಸ್ ಅನ್ನೋ ನ್ಯೂರೋಸೈನ್ಸ್ ಡೇಟಾ ಹಂಚೋ ವೆಬ್‌ಸೈಟ್ ನೋಡಿ. ಅಕೌಂಟ್ ಮಾಡ್ಕೊಂಡ್ರೆ ಸಾಕು, ಡೇಟಾ ಫ್ರೀ. ಅದ್ರಲ್ಲಿ ಎಚ್‌ಸಿ-3 ಅನ್ನೋ ಸೆಟ್ ನ್ಯೂರೋಸೈಂಟಿಸ್ಟ್ ಬುಜಾಕಿ ಅವರ ಲ್ಯಾಬಿಂದು, ಇಲಿಗಳು ಓಡಾಡ್ತಿರುವಾಗ ಹಿಪ್ಪೋಕ್ಯಾಂಪಸ್‌ನಲ್ಲಿ (ನೆನಪು, ಜಾಗದ ಅರಿವಿಗೆ ಸಂಬಂಧಿಸಿದ ಮೆದುಳಿನ ಭಾಗ) ರೆಕಾರ್ಡ್ ಮಾಡಿದ್ದು, ಇಲಿ ಎಲ್ಲಿತ್ತು ಅನ್ನೋ ಪೊಸಿಷನ್ನೂ ಜೊತೆಗೆ ಕೊಟ್ಟಿದಾರೆ, ಹಾಗಾಗಿ ಪ್ಲೇಸ್ ಸೆಲ್ ಅನ್ನೋ ನ್ಯೂರಾನ್ ಇಲಿ ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಫೈರ್ ಆಗೋದನ್ನ ನೀವೇ ಪ್ಲಾಟ್ ಮಾಡಿ ಕಣ್ಣಾರೆ ನೋಡಬಹುದು, ಆ ಖುಷಿನೇ ಬೇರೆ. ಒಂದು ಮಾತು, ಡೌನ್‌ಲೋಡ್ ಆದ ತಕ್ಷಣ ಕೋಡ್ ಬರೆಯೋಕೆ ಕೂರ್ಬೇಡಿ, ಜೊತೆಗಿರೋ ವಿವರಣೆ ಫೈಲ್ ಪೂರ್ತಿ ಓದಿ. ಸ್ಯಾಂಪ್ಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಳೆದಿದಾರೆ ಅನ್ನೋದು) ತಪ್ಪಾಗಿ ತಗೊಂಡು ನಾನು ಎರಡು ವಾರ ಕಳ್ಕೊಂಡಿದೀನಿ.

ಡೆಂಡ್ರೈಟ್:
ಡ್ಯಾಂಡಿ ಆರ್ಕೈವ್ ಅನ್ನೋ ಇನ್ನೊಂದು ಡೇಟಾ ಸೈಟೂ ಬಿಡ್ಬೇಡಿ. ಅಲ್ಲಿ ಹೆಚ್ಚಿನ ಡೇಟಾ ಎನ್‌ಡಬ್ಲ್ಯೂಬಿ ಅನ್ನೋ ಸ್ಟ್ಯಾಂಡರ್ಡ್ ಫೈಲ್ ಫಾರ್ಮ್ಯಾಟಲ್ಲೇ ಇರುತ್ತೆ, ಒಂದ್ಸಲ ಅದನ್ನ ಓದೋದು ಕಲಿತ್ರೆ ಬೇರೆ ಬೇರೆ ಲ್ಯಾಬಿನ ಡೇಟಾಗೂ ಅದೇ ಕೋಡ್ ಹೆಚ್ಚುಕಮ್ಮಿ ನಡೆಯುತ್ತೆ, ದೊಡ್ಡ ಫೈಲ್ ಪೂರ್ತಿ ಇಳಿಸ್ಕೊಳ್ದೆ ಬೇಕಾದ ಭಾಗ ಮಾತ್ರ ಸ್ಟ್ರೀಮ್ ಮಾಡ್ಕೋಬಹುದು. ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆಯ ಸ್ಕ್ಯಾನ್) ಬೇಕಂದ್ರೆ ಓಪನ್‌ನ್ಯೂರೋ. ಪೇಪರ್‌ಗಳ ಮಾಡೆಲ್ ಕೋಡ್ ಬೇಕಂದ್ರೆ ಮಾಡೆಲ್‌ಡಿಬಿ.

ಸ್ಪೈಕ್_ಹುಡುಗಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ! ಇದನ್ನ ಪ್ರಾಜೆಕ್ಟ್ ರಿಪೋರ್ಟಲ್ಲಿ ಬಳಸಿದ್ರೆ ಪರ್ಮಿಷನ್ ಕೇಳ್ಬೇಕಾ?

ಹಳೇ_ನ್ಯೂರಾನ್:
ಸಾಮಾನ್ಯವಾಗಿ ಬೇಡ, ಆದ್ರೆ ಆಯಾ ಸೆಟ್ಟಿನ ಷರತ್ತು ಓದ್ಕೊಳ್ಳಿ. ಡೇಟಾಸೆಟ್ಟಿನ ಡಿಒಐ (ಅದರ ಶಾಶ್ವತ ಗುರುತಿನ ಸಂಖ್ಯೆ), ಮೂಲ ಪೇಪರ್ ಎರಡನ್ನೂ ತಪ್ಪದೆ ಉಲ್ಲೇಖ ಮಾಡಿ, ವರ್ಷಗಟ್ಲೆ ಕೂತು ರೆಕಾರ್ಡ್ ಮಾಡಿದೋರಿಗೆ ಸಿಗೋ ಮನ್ನಣೆ ಅದೇ.